ಒತ್ತಕ್ಷರ

ಪರಿವೀಕ್ಷಕರು ಬರುವ ವಾರ. ಅಜ್ಮಾನಿನಲ್ಲಿ
ಏಳು ಗಂಟೆಗೇ ಬಸ್ಸಿನ ಕಂಬಿ ಮುಟ್ಟುವಂತಿಲ್ಲ.
ಪ್ರಾರ್ಥನೆ ಒಳಗೆ ಸರಿದಿದೆ;
ಎರಡು ರಾಷ್ಟ್ರಗೀತೆಗಳ ನಡುವೆ
ಏಸಿಯ ಗೊರಗೊರ.

ನಾನು ಪ್ರಾಂಶುಪಾಲೆ. ಅಂದರೆ
ಒಂದು ಕೀಲಿಗೊಂಚಲು, ಒಂದು ಮುಗುಳುನಗೆ,
ರಾತ್ರಿ ಹನ್ನೆರಡಕ್ಕೂ ಮಿಣುಕುವ ಪೋಷಕರ ಗುಂಪು:
‘ಮ್ಯಾಮ್, ನಾಳೆ ಬಿಳಿ ಶೂವಾ, ಕಪ್ಪಾ?’
ಹದಿನೆಂಟು ವರ್ಷ ಗಣಿತ ಕಲಿಸಿದವಳು
ಈಗ ಕೂಡುವುದು, ಕಳೆಯುವುದು ಬೇರೆಯೇ.
ಸಂಬಳ ಸಾಲದೆಂದು ಮಾರ್ಚಿನಲ್ಲಿ ಮೂವರು ಟೀಚರು
ರಸ್ತೆಯಾಚೆಯ ಶಾಲೆಗೆ ಹೋದರು.
ಒಬ್ಬಳು ಹೇಳಿಯೂ ಹೋಗಲಿಲ್ಲ,
ಟಿಫಿನ್ ಡಬ್ಬಿ ಇನ್ನೂ ಬೀರುವಿನಲ್ಲಿದೆ.

ನಿನ್ನೆ ಆಡಳಿತ ಮಂಡಳಿಯವರು ಸುಲೈಮಾನಿ ಹೀರುತ್ತ:
‘ಕನ್ನಡಕ್ಕೆ ಹನ್ನೊಂದೇ ಮಕ್ಕಳು.
ಅದೇ ಕೋಣೆಯಲ್ಲಿ ರೋಬೋಟಿಕ್ಸ್ ಇಟ್ಟರೆ ಮೂವತ್ತಾರು.’
ಲೆಕ್ಕದಲ್ಲಿ ತಪ್ಪಿಲ್ಲ. ನಾನೇ ಎರಡು ಸಲ ಮಾಡಿ ನೋಡಿದೆ.

ಜಲಜಾಕ್ಷಿ ಟೀಚರು ಹನ್ನೊಂದು ಪ್ರಬಂಧ ತಂದು
ಮೇಜಿನ ಮೇಲಿಟ್ಟರು. ವಿಷಯ: ನನ್ನ ಅಮ್ಮ.
ಹತ್ತು ಅಮ್ಮಂದಿರು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದಿದ್ದಾರೆ.
ಹತ್ತೂ ಜನ ತ್ಯಾಗಮಯಿಯರು, ಕರುಣೆಯ ಕಡಲು.
ಒಬ್ಬರಿಗೂ ಸೊಂಟ ನೋಯುವುದಿಲ್ಲ,
ಒಬ್ಬರೂ ಲಿಫ್ಟಿನಲ್ಲಿ ನಿಂತು ಫೋನಿಗೆ ಬೈದಿಲ್ಲ.
‘ಯಂತ್ರ ಬರೆದದ್ದು,’ ಎಂದರು ಟೀಚರು.
‘ವ್ಯಾಕರಣ ಮಾತ್ರ ನನ್ನದಕ್ಕಿಂತ ಚೆಂದ.’

ಹನ್ನೊಂದನೆಯದು ಅರ್ಧ ಹಾಳೆ:

‘ನನ ಅಮ ಸಲೂನಲಿ ಬೇರೆಯವರ ಕೂದಲು ಒಣಗಿಸುತಾಳೆ.
ಅಮನ ಕೂದಲು ರಾತಿ ಹನೊಂದಕೆ ಒದೆ.
ಒದೆ ಕೂದಲಲೇ ಮಲಗುತಾಳೆ.
ನಾನು ಟವಲು ಹಾಸುತೇನೆ.’

ಒಂದೇ ಒಂದು ಒತ್ತಕ್ಷರವಿಲ್ಲ.
ಕೆಳಗೆ ಹೆಸರು: ಮನವಿತ, ಏಳನೆ ಬಿ.
ಮನ್ವಿತ್, ತನ್ನ ಹೆಸರಿನ ಒತ್ತನ್ನು ಮಾತ್ರ ಬಿಡಲಾರದೆ
ಪಕ್ಕಕ್ಕೆ ಎಳೆದು ಕೂರಿಸಿ,
ಗೊತ್ತಿಲ್ಲದೆ ಒಂದು ಮನವಿಯಾಗಿದ್ದ.

ಲೆಕ್ಕ ವಿಭಾಗದ ಕೆಂಪು ಪಟ್ಟಿಯಲ್ಲಿ
ಇಪ್ಪತ್ತೇಳನೆಯ ಸಾಲು ಅವನದು. ಎರಡು ಕಂತು ಬಾಕಿ,
ಅಂಕಪಟ್ಟಿಗೆ ಬೀಗ.
ಬೀಗ ತೆಗೆಯುವ ಪಾಸ್‌ವರ್ಡ್ ನನ್ನ ಬಳಿಯಿಲ್ಲ,
ಹಾಕಿದ ಸಹಿ ನನ್ನದು.

ಆ ಹಾಳೆಯನ್ನು ನಾನೇ ಹಜಾರದ ಬೋರ್ಡಿಗೆ ಚುಚ್ಚಿದೆ,
ಪರಿವೀಕ್ಷಕರ ಕಣ್ಣೆತ್ತರಕ್ಕೆ.
ನಿಜ ಹೇಳಲೆ? ನನ್ನ ಬಗ್ಗೆ ನನಗೇ
ಕೊಂಚ ಹೆಮ್ಮೆಯಾಯಿತು.

ಬಂದರು. ಟ್ಯಾಬು ಹಿಡಿದು ನಡೆದರು.
‘ಪ್ರಗತಿಗೆ ಪುರಾವೆ ಎಲ್ಲಿ?’
‘ಮಕ್ಕಳ ಕ್ಷೇಮಕ್ಕೆ ಇನ್ನಷ್ಟು ಒತ್ತು ಕೊಡಬೇಕು.’
ಬೋರ್ಡಿನ ಮುಂದೆ ಒಬ್ಬರು ನಿಂತು
ಲಿಪಿ ಎಷ್ಟು ದುಂಡಗಿದೆ ಎಂದು ಫೋಟೋ ತೆಗೆದುಕೊಂಡರು.

ಕೊನೆಯ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ಅವನು,
ಶೂ ದಾರ ಬಿಚ್ಚಿಕೊಂಡು.
‘ಮ್ಯಾಮ್, ಅದನ್ನ ತೆಗೀರಿ.’
‘ಯಾಕೋ? ಎಷ್ಟು ಚೆನ್ನಾಗಿದೆ!’
‘ಎಲ್ಲಾ ತಪ್ಪು ಅಂತ ನಗ್ತಾರೆ.
ತಪ್ಪು ಅಂತ ನಿಮಗೂ ಗೊತ್ತಿತ್ತಲ್ವಾ?
ಯಾಕೆ ತಿದ್ದಲಿಲ್ಲ?’
ಆಮೇಲೆ, ಬ್ಯಾಗಿನ ಪಟ್ಟಿ ಎಳೆಯುತ್ತ:
‘ನೀವು ತಿದ್ದದಿದ್ರೆ ಮುಂದಿನ ಸಲ ಫೋನ್ ತಿದ್ದುತ್ತೆ.’

ಕೆಳಗೆ ಹಾರ್ನು.
ಕೆಂಪು ಪೆನ್ನು ಹುಡುಕಿದೆ. ಮೇಜಿನ ತುಂಬ
ಹೈಲೈಟರು, ಮೊಹರು, ಯಾರದೋ ಬೆಳ್ಳಿ ಲೇಪದ ಸ್ಮರಣಿಕೆ.
ಕಡೆಗೆ ಸಿಕ್ಕಿತು, ಬರೆಯಲು ಒಲ್ಲದ್ದು;
ಅಂಗೈ ಮೇಲೆ ಗೀಚಿ ಗೀಚಿ ಶಾಯಿ ಬರಿಸಿದೆ.

ಹಾಳೆ ಬಿಚ್ಚಿ ತಂದು, ಪಕ್ಕದಲ್ಲಿ ಕೂರಿಸಿ,
ಅಮ್ಮನ ಅಡಿಗೆ ಬೇಕಾದ ಪುಟ್ಟ ‘ಮ’ ಬರೆದೆ.
‘ಈಗ ನೀನು.’
ಅವನು ನಾಲಗೆ ಕಚ್ಚಿ ಹಿಡಿದು
‘ಒದೆ’ಯನ್ನು ‘ಒದ್ದೆ’ ಮಾಡಿದ.

ಇನ್ನೂ ಹತ್ತು ಹನ್ನೆರಡು ಉಳಿದಿದ್ದವು.
ಬಸ್ಸಿಗೆ ಕಾಯಲು ಹೇಳಿ ಕಳಿಸಿದೆ.