ಮೂರು ಬೆರಳು

ಉಪ್ಪಳದ ಅಂದುಂಞಿಗೆ ಟೇಪು ಬೇಡ.
ಜೀಪಿನ ಮುಂದಿನ ಮಡ್‌ಗಾರ್ಡಿಗೆ ಗೇಣು ಹಿಡಿದ,
ಉಳಿದದ್ದಕ್ಕೆ ಬೆರಳು ಸೇರಿಸಿದ,
ಸೀಮೆಸುಣ್ಣದಲ್ಲಿ ಗೀಟೆಳೆದು
"ಇನ್ನು ಕಟ್ಟು" ಎಂದ.

ಕಾಂಕ್ರೀಟ್ ಮಿಕ್ಸರಿನ ಮೂತಿಯನ್ನು
ಕೊಂಡಿಗೆ ಇಳಿಸಿದೆವು, ನಾನೂ ಸುಬಲನೂ.
ಹಿಂದಿನ ಪ್ಲೇಟುಗಳು ನರಳಿ ಕೂತವು.
ಮುಂದಿನದು ಎದ್ದಿತು,
ಹಿರಿಯರು ಬಂದರೆಂದು ಅರ್ಧ ಎದ್ದು
ಮತ್ತೆ ಕೂರಲು ಗೊತ್ತಾಗದವನ ಹಾಗೆ.

ಮತ್ತೆ ಗೇಣು. ಮತ್ತೆ ಬೆರಳು.
"ಎರಡಾದರೆ ಏನೂ ಬೇಡ ಪೂವಪ್ಪಾ, ಹೋಗು.
ನಾಲ್ಕಾದರೆ ಕಂಬಿ ಹಾಕಿಸದೆ ನನ್ನ ಅಂಗಳ ದಾಟಬೇಡ.
ಇದು ಮೂರು."
ಬೀಡಿ ಹಚ್ಚಿದ.
"ಮೂರಕ್ಕೆ ನನ್ನಲ್ಲಿ ಮಾತಿಲ್ಲ ಮಾರಾಯ."

ಕಂಬಿಯೆಂದರೆ ಹಳೆ ಬಸ್ಸಿನ ಸ್ಪ್ರಿಂಗ್ ಪಟ್ಟಿ ಎರಡು,
ಕೊಂಡಿಯ ಆಚೀಚೆ. ಸರಪಳಿ ಹಾಕಿ ಬಿಗಿದರೆ
ಹಿಂದೆ ಕೂತ ಭಾರವನ್ನು ಮೀಟಿ ಮುಂದಕ್ಕೆ ದಾಟಿಸುತ್ತದಂತೆ.
"ಭಾರ ಕಡಿಮೆಯಾಗುತ್ತದಾ?"
"ಒಂದು ಗ್ರಾಮೂ ಇಲ್ಲ. ಪಾಲಾಗುತ್ತದೆ, ಅಷ್ಟೆ."
ಪಾಲು ಮಾಡಲು ಆರೂವರೆ ಸಾವಿರ.

ಐತಪ್ಪ ಭಾವ ಫೋನಿನಲ್ಲಿ ನಕ್ಕ:
ಮಿಕ್ಸರಿನ ಪೆಟ್ಟಿಗೆಯಿಂದ ಸಲಿಕೆ, ವೈಬ್ರೇಟರು, ಡೀಸೆಲ್ ಕ್ಯಾನು ತೆಗೆ,
ಮುಕ್ಕಾಲು ಬೆರಳು ಇಳಿಯದಿದ್ದರೆ ಕೇಳು.
ಕಬ್ಬಿಣ ಕಟ್ಟಿದರೆ ನಿನಗೆ ಧೈರ್ಯ ಬರುತ್ತದೆ,
ಧೈರ್ಯ ಬಂದರೆ ಇನ್ನೂ ಹತ್ತು ಚೀಲ ಹೇರುತ್ತೀ.
ಅದೂ ಸುಳ್ಳಲ್ಲ.

ಆದರೆ ಕಳೆದ ವಾರ, ಬಾಯಾರಿನ ಏರು, ರಾತ್ರಿ.
ಹೆಡ್‌ಲೈಟು ರಸ್ತೆ ಬಿಟ್ಟು ಮರ ಹತ್ತಿತ್ತು.
ಹಲಸಿನಕಾಯಿ ಒಂದೊಂದನ್ನೂ ಎಣಿಸಬಹುದಿತ್ತು,
ಗುಂಡಿ ಕಾಣುತ್ತಿರಲಿಲ್ಲ.
ಕೈಯಲ್ಲಿದ್ದೂ ಇಲ್ಲದ ಸ್ಟೇರಿಂಗು,
ಜನಜಂಗುಳಿಯಲ್ಲಿ ಬೆರಳು ಬಿಡಿಸಿಕೊಂಡ ಮಗು.
ಎಂದಿನಂತೆ ಕೂಗಿದೆ: "ಸುಬಲಾ, ಮುಂದೆ ಹೋಗು."
ಎಂದಿನಂತೆ ಅವನು ಇಳಿದು
ಬಂಪರಿನ ಮೇಲೆ ಕೂತ, ಬಾನೆಟ್ಟಿಗೆ ಬೆನ್ನು ಕೊಟ್ಟು.
ಚಕ್ರ ನೆಲ ಕಚ್ಚಿತು.

ನಾಲ್ಕು ವರ್ಷದಿಂದ
ಕೂಚ್ ಬಿಹಾರದ ಐವತ್ತೆರಡು ಕಿಲೋ.
ಅದನ್ನು ನಾನು ಯಾವ ಲೆಕ್ಕಕ್ಕೂ ಹಿಡಿದಿರಲಿಲ್ಲ.
ಈಗ ಸೀಮೆಸುಣ್ಣದ ಗೀಟಿನ ಪಕ್ಕ
ಅವನು ಕುಕ್ಕರಗಾಲಲ್ಲಿ ಕೂತು
ತನ್ನ ಬೆರಳನ್ನೂ ಇಟ್ಟು ನೋಡುತ್ತಿದ್ದ:
ಅವನ ಬೆರಳು ಸಣ್ಣ, ಮೂರೂವರೆ ಬಂತು.

"ಹಾಕು ಅಂದುಂಞಿಕ್ಕಾ" ಎಂದೆ.

ಸುಬಲ ಎದ್ದು ಚಡ್ಡಿ ಕೊಡವಿದ.
ಅರ್ಧ ಮಲೆಯಾಳ, ಅರ್ಧ ತುಳು, ನಡುವೆ ತನ್ನ ಬಂಗಾಳಿ,
ಕೇಳಿದ್ದು ಇಷ್ಟೇ:
"ಕಂಬಿ ಬಂದರೆ ನನ್ನ ಕೂಲಿ ಇಳಿಯುತ್ತದಾ?"

ಅಷ್ಟರಲ್ಲಿ ವೆಲ್ಡಿಂಗ್ ಹತ್ತಿತು.
ಆ ನೀಲಿ ಬೆಳಕಿಗೆ ಎಲ್ಲರೂ ಮುಖ ತಿರುಗಿಸಲೇಬೇಕು.
ತಿರುಗಿಸಿದೆ.

ಸಂಜೆ ಪೆರ್ಲಕ್ಕೆ ತಾರಸಿ ಕೆಲಸ.
ಬೆಳಕು ರಸ್ತೆಯ ಮೇಲೆ ಬಿದ್ದಿತ್ತು,
ಗುಂಡಿ, ಜಲ್ಲಿ, ಯಾರದೋ ಒಂಟಿ ಚಪ್ಪಲಿ.
ಸುಬಲ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಟಿಫಿನ್ ಡಬ್ಬಿ.
ಏರು ಬಂತು, ಗೇರು ಇಳಿಸಿದೆ.
ಅವನ ಕೈ ಬಾಗಿಲಿನ ಹಿಡಿಗೆ ಹೋಯಿತು.