ಕಾಲು ಸುತ್ತು

ಎರಡು ವರ್ಷದಾಗ ಇದು ಮೂರನೇ ಬ್ಯಾಟರಿ.
ಬೆಟಗೇರಿ ಗೇಟು ಬಿದ್ದಾಗ
ಕಾರು ನಿಂತಲ್ಲೇ ಗುರುಗುಡತೈತಿ,
ಹೆಡ್‌ಲೈಟು ಹಳದಿ ಆಗ್ತಾ ಆಗ್ತಾ
ಹೊಸ್ತಿಲಿಗೆ ಬಳಿದ ಅರಿಶಿಣದಷ್ಟ ಉಳೀತೈತಿ.
ಹಾರನ್ ಒತ್ತಿದರ ನೆಗಡಿ ಬಂದ ಕುರಿ.
ಸ್ಟೇರಿಂಗ್ ಹಿಡಿದ ಖಟವಟೆ ಮನಿ ಸೊಸಿ
ಅಂಜಿ ಕೇಳತಾಳ:
ನಾ ಏನರೆ ತಪ್ಪು ಒತ್ತಿದೆನ್ರಿ ಮೇಡಂ?

ಇಲ್ಲವಾ, ಬ್ಯಾಟರಿ ಮಾರಿದಾವನ ತಪ್ಪು ಅಂದೆ.
ಅವನ ಅಂಗಡಿಯೊಳಗ ನಿಂತು ಹೆಂಗ ಬೈದಿದ್ದೆ,
ಗ್ಯಾರಂಟಿ ಕಾರ್ಡು ಟೇಬಲ್ ಮ್ಯಾಲೆ ಒಗೆದು!
ಅವ ಪಾಪ, ಮಜ್ಜಿಗಿ ತರಿಸಿದ್ದ.

ಮುಳಗುಂದ ನಾಕಾದ ಹಜರೇಸಾಬ
ಮೀಟರಿನ ಕೆಂಪು ವೈರು, ಕರಿ ವೈರು ಹಚ್ಚಿದ.
ಬಂದ್ ಇದ್ದಾಗ ಹನ್ನೆರಡೂವರಿ.
ಬ್ಯಾಟರಿ ಗಟ್ಟಿ ಐತ್ರಿ, ಇದರ ಮ್ಯಾಲೆ ಸಿಟ್ಟು ಬ್ಯಾಡ.
ಚಾಲೂ ಮಾಡ್ರಿ.
ಹನ್ನೆರಡು ಪಾಯಿಂಟ್ ಎರಡು.
ಲೈಟ್ ಹಾಕ್ರಿ, ಫ್ಯಾನ್ ಹಾಕ್ರಿ.
ಹನ್ನೊಂದು ಪಾಯಿಂಟ್ ಒಂಬತ್ತು,
ಗಳಿಕಿಗಿಂತ ಖರ್ಚು ಹೆಚ್ಚು.
ಈಗ ಸ್ವಲ್ಪ ರೇಸ್ ಕೊಡ್ರಿ.
ಹದಿನಾಲ್ಕು.

ಬೆಲ್ಟಿಗೆ ಹೆಬ್ಬೆರಳು ಒತ್ತಿದ, ಬಿಗಿ ಇತ್ತು.
ಎಂಜಿನ್ ಬಂದ್ ಮಾಡಿ, ಕ್ಲ್ಯಾಂಪ್ ಬಿಚ್ಚಿ
ಹಸಿರು ಕಿಲುಬು ಕೆರೆದು ಮತ್ತ ಬಿಗಿದ.
ಚಾಲೂ ಮಾಡಿದರ ಅಂಕಿ ಅಲ್ಲೇ.
ಡೈನಮೋ ತಿರಗಾಕತ್ತೇತಲ್ಲೋ ಅಂದೆ.
ದಕ್ಷಿಣಕ್ಕ ಕೈ ಮಾಡಿದ:
ಕಪ್ಪತಗುಡ್ಡದ ಪಂಕಾ ನೋಡೀರಿಲ್ಲ?
ಗಾಳಿ ಕಡಿಮಿ ಇದ್ದ ದಿನ ಅವೂ ತಿರಗತಾವ
ಮೆಲ್ಲಕ.
ತಿರಗತಾವ, ಅಷ್ಟ.

ಆಮ್ಯಾಲೆ ಕಾರ್ಬೊರೇಟರ್ ಮ್ಯಾಲೆ ಬಾಗಿ
ಭಾಳ ಹೊತ್ತು ಕಿವಿ ಕೊಟ್ಟ.
ಸ್ಲೋ ಭಾಳ ಇಳಿಸ್ಯಾರ್ರೀ.
ಈ ಸ್ಕ್ರೂ ಯಾರು ಮುಟ್ಟಿದ್ರು?

ಗ್ಯಾರೇಜಿನಾಗ ಒಂದು ಕೋಳಿ ಓಡಾಡತಿತ್ತು.
ನಾ ಅದನ್ನ ನೋಡಿದೆ.

ಪೆಟ್ರೋಲ್ ಏರಿದ ಆ ಬ್ಯಾಸಗಿ,
ಫೀ ಏರಿಸಿದರ ಕಲಿಯೋರು ಬರೂದಿಲ್ಲ ಅಂತ
ರಾತ್ರಿ ಕೈಬ್ಯಾಟರಿ ಬಾಯಾಗ ಹಿಡಕೊಂಡು
ನಾನ ತಿರುವಿದ್ದೆ, ಕಾಲು ಸುತ್ತು.
ಎಂಜಿನ್ ಮೆತ್ತಗಾತು, ಸಾಯಲಿಲ್ಲ.
ತಿಂಗಳಿಗೆ ನಾನೂರು ಉಳೀತು ಅಂತ
ಲೆಕ್ಕದ ಪುಸ್ತಕದಾಗ ಬರದಿಟ್ಟೆ.
ಬ್ಯಾಟರಿ ಖರ್ಚು ಬರಿಯೂ ಪುಟ ಬ್ಯಾರೆ ಇತ್ತು.

ಯಾರರೆ ಹುಡುಗರು ಮುಟ್ಟಿರಬೇಕು ಬಿಡ್ರಿ,
ಅವನ ಅಂದ, ನನ್ನ ಮಾರಿ ನೋಡದ.
ನಾ ತಿರುವಿದಷ್ಟ ಉಲ್ಟಾ ತಿರುವಿದ.
ಲೈಟು, ಫ್ಯಾನು ಎಲ್ಲಾ ಹಂಗ ಇದ್ದು
ಹದಿಮೂರು ಪಾಯಿಂಟ್ ಆರು.
ರೊಕ್ಕ ಕೇಳಲಿಲ್ಲ. ಇಷ್ಟಕ್ಕೇನ್ರಿ ಅಂದ.

ಇವತ್ತು ಸಂಜಿ ಗೇಟು ಮತ್ತ ಬಿತ್ತು.
ಗೂಡ್ಸ್ ಗಾಡಿ, ಎಣಿಸಿದಷ್ಟೂ ಡಬ್ಬಿ.
ಸೊಸಿ ಕೀ ಕಡೆ ಕೈ ಒಯ್ದಳು:
ಬಂದ್ ಮಾಡ್ಲೇನ್ರಿ?
ಇರಲಿ ಬಿಡು, ನಡೀಲಿ.
ಮೊದಲಿಗಿಂತ ಸ್ವಲ್ಪ ಗದ್ದಲ ಈಗ ಎಂಜಿನ್ನು.
ಮುಂದಿನ ಗೋಡಿ ಮ್ಯಾಲಿನ ಬಿಳೇ ಬೆಳಕಿನಾಗ
ಸೈಕಲ್ಲಿನಾಂವ ಬೀಡಿ ಹಚ್ಚೂದು ಸೈತ ಕಾಣತೈತಿ.

ನಾಳೆ ಆ ಬ್ಯಾಟರಿ ಅಂಗಡಿ ಮುಂದ ಹಾದು ಹೋಗಬೇಕು.
ಏನಂತ ಹೇಳಲಿ ಅವಗ.
ಒಂದು ಗ್ಲಾಸು ಮಜ್ಜಿಗಿ
ನನ್ನ ಕಡೆ ಬಾಕಿ ಐತಿ.