ಕಸ

“ಕಸ ಬಿತ್ತಾ?” ಹೆರಿಗೆ ವಾರ್ಡಿನ ಬಾಗಿಲ ಸಂದಿಯಿಂದ
ಅರಕಲಗೂಡಿನ ನಿಂಗಾಜಮ್ಮ.
ಹಸುವಿಗೂ ಸೊಸೆಗೂ ಒಂದೇ ಮಾತು.
ಬಿದ್ದಿತ್ತು. ಬಳ್ಳಿಯ ರಕ್ತ ಅರವತ್ತು ಎಂಎಲ್,
ಸೊಸೆಯ ಸಹಿ, ಎರಡನ್ನೂ ಹಿಡಿದು
ನಾನಾಗಲೇ ಮೆಟ್ಟಿಲಿಳಿದಿದ್ದೆ. ಚೀಲ ಇನ್ನೂ ಬೆಚ್ಚಗೆ.

ಟ್ಯೂಬು ಓರೆ ಹಿಡಿದು
ಫೈಕಾಲ್ ಮೇಲೆ ರಕ್ತ ಹನಿಸಬೇಕು, ಕಲಕದೆ,
ಮಲಗಿದ ಮಗುವಿಗೆ ಹೊದಿಸಿದ ಹಾಗೆ.
ಆಮೇಲೆ ಅರ್ಧ ಗಂಟೆ ಗಿರ್ರನೆ ಯಂತ್ರ.
ಬ್ರೇಕ್ ಹಾಕುವಂತಿಲ್ಲ;
ಅದಾಗಿ ನಿಲ್ಲಬೇಕು.

ನಿಂತಾಗ ಕೆಂಪೆಲ್ಲ ತಳದಲ್ಲಿ.
ನಡುವೆ ಉಗುರಂಚಿನಷ್ಟು ಉಂಗುರ,
ಅಕ್ಕಿ ತೊಳೆದ ನೀರಿನ ಬಿಳಿ.
ಅದನ್ನಷ್ಟೇ ಹೀರಿದೆ.
ಕಾವಲಿನವು ಇವು. ಒಂದು ನೆಗಡಿಯನ್ನೂ ಕಂಡಿಲ್ಲ,
ಬಿ.ಎಂ. ರಸ್ತೆಯ ಧೂಳನ್ನೂ.
ಹೊರಗಿನವರು ಯಾರು ಎಂದು
ಯಾರೂ ಇನ್ನೂ ಹೇಳಿಕೊಟ್ಟಿಲ್ಲ ಇವಕ್ಕೆ.

ಎಣಿಸಿದೆ, ಎರಡು ಸಲ.
ನೂರಕ್ಕೆ ತೊಂಬತ್ತಾರು ಜೀವಂತ.
ಡಬ್ಬಿಗೆ ಹೆಸರಿಲ್ಲ. ಹದಿನೇಳು.

ಸಂಜೆ ಗೇಟಿನಲ್ಲಿ ಅದೇ ಅಜ್ಜಿ:
“ಕಸ ಕೊಡವ್ವ, ಹೂಳಬೇಕು.”
ಹಳದಿ ಚೀಲದಲ್ಲಿ ಅದು ಸುಡಲು ಹೋಗಿತ್ತು.
“ಸ್ವಲ್ಪ ಉಳಿದಿದೆಯಜ್ಜಿ,” ಅಂದೆ,
“ಮೂವತ್ತೇಳು ಡಿಗ್ರಿಯಲ್ಲಿ, ಬೆಚ್ಚಗೆ.”

ನನ್ನ ಮುಖವನ್ನೇ ನೋಡಿದಳು, ಎಲೆಯಡಿಕೆ ಮೆಲ್ಲುತ್ತ.
“ನಾಯಿ ಮುಟ್ಟದ ಜಾಗ ತಾನೆ?”